ಪಿಕಪ್ ಬದಲಿಸಿದ ಮೇಲೆ ಗಿಟಾರ್ ಗುಂಯ್ ಅಂತಿದೆಯೇ? ಹುಡುಕುವುದು ಇಲ್ಲಿಂದ

ಹೋದ ವರ್ಷ ಮೇ ತಿಂಗಳು, ರಾತ್ರಿ ಹತ್ತರ ಸುಮಾರು. ಕಲಬುರಗಿಯ ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುವ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣಾ, ಹೊಸಾ ಪಿಕಪ್ ಹಾಕೀನಿ. ಭಾಳ ಗುಂಯ್ ಅನ್ಲಕತ್ತದ. ಪಿಕಪ್ಪೇ ಖರಾಬ್ ಬಂದದ ಅನಸ್ತದ, ವಾಪಸ್ ಕಳಸ್ಲೇನು?"

"ಕಳಸಬ್ಯಾಡ ತಮ್ಮಾ, ಮುಂಜಾನಿ ಗಿಟಾರ್ ತಗೊಂಡ್ ಬಾ" ಅಂದೆ.

ಪಿಕಪ್ ವಾಪಸ್ ಕಳಿಸಲು ಹೊರಟವರಿಗೆಲ್ಲ ನಾನು ಹೇಳುವುದು ಇದನ್ನೇ. ಪಿಕಪ್ ಅಂದರೆ ಎಲೆಕ್ಟ್ರಿಕ್ ಗಿಟಾರಿನ ತಂತಿಯ ಅಲುಗಾಟವನ್ನು ಕರೆಂಟಿನ ಸಿಗ್ನಲ್ ಆಗಿ ಬದಲಿಸುವ ಭಾಗ. ಅದರೊಳಗೆ ಕೆಡುವಂಥದ್ದು ಹೆಚ್ಚೇನೂ ಇಲ್ಲ. ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ಸಾವಿರಾರು ಸುತ್ತು, ಅಷ್ಟೇ. ಆ ತಾಮ್ರ ಎಲ್ಲಾದರೂ ತುಂಡಾದರೆ ದನಿ ನಿಲ್ಲುತ್ತದೆ, ಇಲ್ಲವೇ ಸೊಳ್ಳೆಯ ದನಿಯಾಗುತ್ತದೆ. ಹೊಸದಾಗಿ ಶುರುವಾದ ಗುಂಯ್ ಬಹುಪಾಲು ನಾವೇ ಬಿಚ್ಚಿ ಕಟ್ಟಿದ ವೈರಿಂಗಿನದ್ದು. ಉಳಿದದ್ದು ಮನೆಯ ಕರೆಂಟಿನದ್ದು. ಅದು ಮೊದಲೂ ಇತ್ತು, ದುಡ್ಡು ಕೊಟ್ಟು ಪಿಕಪ್ ಹಾಕಿದ ಮೇಲೆ ಕಿವಿಗೊಟ್ಟು ಕೇಳಿದ್ದರಿಂದ ಈಗ ಕೇಳಿಸಿತು.

ಇಲ್ಲಿ ಬರೆದಿರುವುದು ನಾನು ನನ್ನ ಬೆಂಚಿನ ಮೇಲೆ ಹುಡುಕುವ ಕ್ರಮ. ಗಿಟಾರಿನ ತಂತಿಗೆ 'ತಂತಿ' ಎಂದೂ ಒಳಗಿನದಕ್ಕೆ 'ವೈರ್' ಎಂದೂ ಬರೆದಿದ್ದೇನೆ, ಗೊಂದಲ ಬೇಡ.

ಸ್ಕ್ರೂಡ್ರೈವರ್ ಎತ್ತುವ ಮೊದಲು

ಪೆಡಲ್‌ಗಳನ್ನೆಲ್ಲ (ಕಾಲಲ್ಲಿ ಒತ್ತಿ ದನಿ ಬದಲಿಸುವ ಡಬ್ಬಿಗಳು) ತೆಗೆದಿಡಿ. ಗಿಟಾರನ್ನು ಒಂದೇ ಕೇಬಲ್‌ನಲ್ಲಿ ನೇರ ಆಂಪ್‌ಗೆ (ದನಿ ಹಿಗ್ಗಿಸುವ ಪೆಟ್ಟಿಗೆ) ಹಚ್ಚಿ, ಅದರ ಗೇನ್, ಅಂದರೆ ಹಿಗ್ಗಿಸುವ ಪ್ರಮಾಣ, ಅರ್ಧಕ್ಕೆ ಇಟ್ಟು, ಗಿಟಾರಿನ ವಾಲ್ಯೂಮ್ ಸೊನ್ನೆಗೆ ತನ್ನಿ. ಸದ್ದು ಹಾಗೇ ಉಳಿಯಿತೇ? ಹಾಗಾದರೆ ಪಿಕಪ್ಪಿನ ಚಿಂತೆ ಬಿಡಿ. ವಾಲ್ಯೂಮ್ ಸೊನ್ನೆಯಲ್ಲಿದ್ದಾಗ ದನಿ ಹೊತ್ತೊಯ್ಯುವ ಸಿಗ್ನಲ್ ವೈರ್ ಗ್ರೌಂಡಿಗೆ (ಸಿಗ್ನಲ್ ಮರಳುವ ಇನ್ನೊಂದು ದಾರಿ) ಸೇರಿಬಿಡುತ್ತದೆ, ಪಿಕಪ್ಪಿನಿಂದ ಏನೂ ಹೊರಗೆ ಬರುವುದಿಲ್ಲ. ದೋಷ ಜ್ಯಾಕ್‌ನಲ್ಲಿದೆ (ಗಿಟಾರಿಗೆ ಕೇಬಲ್ ತೂರಿಸುವ ಕಿಂಡಿ), ಕೇಬಲ್‌ನಲ್ಲಿದೆ, ಆಂಪ್‌ನಲ್ಲಿದೆ, ಇಲ್ಲವೇ ಗೋಡೆಯ ಪ್ಲಗ್ಗಿನಲ್ಲಿದೆ. ಸೊನ್ನೆಯಲ್ಲಿಟ್ಟರೂ ತಂತಿ ಮೀಟಿದ ದನಿ ಕೇಳುತ್ತಿದ್ದರೆ ಮಾತ್ರ ಬೇರೆ: ವಾಲ್ಯೂಮ್ ಕಂಟ್ರೋಲಿನ (ಗುಬ್ಬಿಯ ಕೆಳಗೆ ಕೂತಿರುವ ಭಾಗ) ಗ್ರೌಂಡ್ ಕಾಲಿಗೆ ಸೋಲ್ಡರ್ ಹಿಡಿದಿಲ್ಲ ಎಂದರ್ಥ.

ಕೇಬಲ್ ಬದಲಿಸಿ ನೋಡುವುದು ಎಲ್ಲರಿಗೂ ಗೊತ್ತು, ಆದರೂ ಯಾರೂ ಮೊದಲು ಮಾಡುವುದಿಲ್ಲ. ಸುತ್ತಿ ಸುತ್ತಿ ಬ್ಯಾಗಿಗೆ ತುರುಕಿದ ಕೇಬಲ್‌ನ ಹೊರಜಾಲರಿ ಪಿನ್ನಿನ ಬುಡದಲ್ಲಿ ಕಿತ್ತಿರುತ್ತದೆ. ಒಳವೈರ್ ಗಟ್ಟಿಯಾಗಿರುವುದರಿಂದ ದನಿ ಬರುತ್ತದೆ, ಜೊತೆಗೆ ಲಾರಿ ನಿಂತಂಥ ಗುಡುಗೂ ಬರುತ್ತದೆ.

ವಾಲ್ಯೂಮ್ ಸೊನ್ನೆಗೆ ತಂದಾಗ ಸದ್ದು ನಿಂತರೆ ದೋಷ ಗಿಟಾರಿನೊಳಗೆ, ಅಥವಾ ಗಿಟಾರ್ ಹಿಡಿದುಕೊಳ್ಳುತ್ತಿರುವ ಗಾಳಿಯಲ್ಲಿ. ಈಗ ವಾಲ್ಯೂಮ್ ಪೂರಾ ಎತ್ತಿ, ಗಿಟಾರ್ ಹೆಗಲಿಗೆ ಹಾಕಿ, ಕೋಣೆಯ ನಡುವೆ ನಿಂತಲ್ಲೇ ಒಂದು ಸುತ್ತು ತಿರುಗಿ. ಒಂದು ದಿಕ್ಕಿನಲ್ಲಿ ಸದ್ದು ಜೋರಾಗಿ, ಇನ್ನೊಂದು ದಿಕ್ಕಿನಲ್ಲಿ ಬಹುತೇಕ ಸತ್ತೇ ಹೋದರೆ ಅದು ಗುಂಯ್: ಟ್ರಾನ್ಸ್‌ಫಾರ್ಮರ್, ಫ್ಯಾನ್, ಕೂಲರ್ ಮೋಟರುಗಳ ಸುತ್ತ ಇರುವ 50 ಹರ್ಟ್ಸ್ ಕಾಂತಕ್ಷೇತ್ರವನ್ನು ಕಾಯಿಲ್ (ಪಿಕಪ್ಪಿನ ಆ ತಾಮ್ರದ ಸುರುಳಿ) ಹಿಡಿಯುತ್ತಿದೆ. ಎತ್ತ ತಿರುಗಿದರೂ ಅಷ್ಟೇ ಇದ್ದು, ಸದ್ದು ಸ್ವಲ್ಪ ಚೂಪಾಗಿ ಝರ್ರ್ ಅಂದರೆ ಅದು ಬೇರೆ ಜಾತಿ: ಗ್ರೌಂಡ್ ಇಲ್ಲದಿರುವುದು ಅಥವಾ ಶೀಲ್ಡಿಂಗ್, ಅಂದರೆ ಸದ್ದು ತಡೆಯುವ ಲೋಹದ ಹೊದಿಕೆ, ಇಲ್ಲದಿರುವುದು. ಈ ಎರಡರ ವ್ಯತ್ಯಾಸ ತಿಳಿಯದೆ ಜನ ಗಿಟಾರಿನ ಹೊಟ್ಟೆಗೆಲ್ಲ ತಾಮ್ರದ ಹಾಳೆ ಮೆತ್ತಿಸಿ, ಗುಂಯ್ ಹೋಗಲಿಲ್ಲ ಅಂತ ಬೈಯುತ್ತಾರೆ. ತಾಮ್ರದ ಹಾಳೆ ಝರ್ರ್ ತಡೆಯುತ್ತದೆ. ಕಾಂತಕ್ಷೇತ್ರದ ಗುಂಯ್ ಅದರೊಳಗಿಂದ ಆರಾಮಾಗಿ ದಾಟಿ ಹೋಗುತ್ತದೆ.

ಕೊನೆಯದಾಗಿ ತಂತಿಗಳ ಮೇಲೆ ಅಂಗೈ ಇಡಿ. ಇಲ್ಲಿ ಮೂರು ಉತ್ತರಗಳಿವೆ, ಮೂರೂ ಬೇರೆ ಬೇರೆ ಊರಿಗೆ ಕರೆದೊಯ್ಯುತ್ತವೆ.

ತಂತಿ ಮುಟ್ಟಿದಾಗ ಏನಾಯಿತು?

ಮುಟ್ಟಿದರೆ ಸದ್ದು ಕಡಿಮೆಯಾಯಿತು, ಕೈ ತೆಗೆದರೆ ಮತ್ತೆ ಬಂತು. ಇದನ್ನು ನೋಡಿ ಹೆದರುವವರೇ ಹೆಚ್ಚು. "ಮುಟ್ಟಿದ್ರ ಬಂದ್ ಆಗ್ತದ ಅಂದ್ರ ಅರ್ಥಿಂಗ್ ಇಲ್ಲ ಅಂತಲ್ಲೇನ್ರಿ?" ಅಲ್ಲ, ಅರ್ಥ ತಿರುವು ಮುರುವು. ತಂತಿ ಗ್ರೌಂಡಿಗೆ ಸೇರಿದೆ ಎಂಬುದಕ್ಕೆ ಇದೇ ಸಾಕ್ಷಿ. ನಮ್ಮ ಮೈಯೇ ಒಂದು ಆಂಟೆನಾ. ಗೋಡೆಯ ವೈರುಗಳ ಸದ್ದನ್ನು ಹಿಡಿದು ಪಿಕಪ್ಪಿನ ಹತ್ತಿರ ತಂದು ನಿಲ್ಲಿಸುತ್ತದೆ. ತಂತಿ ಮುಟ್ಟಿದಾಗ ಮೈ ಗ್ರೌಂಡಿಗೆ ಸೇರಿ ತೆಪ್ಪಗಾಗುತ್ತದೆ. ಕೈ ಬಿಟ್ಟಾಗ ಬರುವ ಸದ್ದು ತೀರಾ ಜೋರಿದ್ದರೆ ಶೀಲ್ಡಿಂಗ್ ಮಾಡಿಸಿ, ಇಲ್ಲದಿದ್ದರೆ ನುಡಿಸುತ್ತ ಹೋಗಿ.

ಮುಟ್ಟಿದರೂ ಬಿಟ್ಟರೂ ಒಂದೇ. ಬ್ರಿಡ್ಜ್‌ಗೆ, ಅಂದರೆ ಗಿಟಾರಿನ ಮೈಮೇಲೆ ತಂತಿಗಳು ಕೂರುವ ಲೋಹದ ಭಾಗಕ್ಕೆ, ಹೋಗುವ ಗ್ರೌಂಡ್ ವೈರ್ ಕಿತ್ತಿದೆ. ಪಿಕಪ್ ಬದಲಿಸುವಾಗ ಹಳೆಯ ವೈರುಗಳನ್ನು ಕಿತ್ತೆಳೆಯುವ ಭರದಲ್ಲಿ ಮೊದಲು ಸಾಯುವುದು ಇದೇ ವೈರ್. ಕೆಲವು ಗಿಟಾರ್‌ಗಳಲ್ಲಿ ಇದು ಬ್ರಿಡ್ಜ್ ಬೋಲ್ಟಿನ ತೂತಿನೊಳಗೆ ಹೋಗಿರುತ್ತದೆ, ಟ್ರೆಮೊಲೊ (ದನಿ ಬಾಗಿಸುವ ಕಡ್ಡಿ) ಇರುವ ಗಿಟಾರ್‌ಗಳಲ್ಲಿ ಹಿಂಬದಿಯ ಸ್ಪ್ರಿಂಗ್ ಹಿಡಿದಿರುವ ಕೊಕ್ಕೆಗೆ ಸೋಲ್ಡರ್ ಆಗಿರುತ್ತದೆ. ಮಲ್ಟಿಮೀಟರ್ ಬೀಪ್‌ಗೆ ಇಟ್ಟು, ಅದರ ವೈರಿನ ತುದಿಯ ಒಂದು ಮುಳ್ಳು ತಂತಿಗೆ, ಇನ್ನೊಂದು ಕೇಬಲ್ ಪಿನ್ನಿನ ಹೊರಭಾಗಕ್ಕೆ ಹಚ್ಚಿ. ಬೀಪ್ ಬರಲೇಬೇಕು. ಬಣ್ಣ ಬಳಿದ ಬ್ರಿಡ್ಜ್ ಆದರೆ ಮುಳ್ಳಿನಿಂದ ಬಣ್ಣ ಚೂರು ಕೆರೆದು ಹಿಡಿಯಿರಿ, ಬಣ್ಣದ ಮೇಲೆ ಕರೆಂಟ್ ಹಾಯುವುದಿಲ್ಲ. ಹಾಗೆಯೇ ಕೊಕ್ಕೆಗೆ ಸೋಲ್ಡರ್ ಹಿಡಿಯದಿದ್ದರೆ ಮೊದಲು ಅದನ್ನೂ ಕೆರೆಯಿರಿ.

ಮುಟ್ಟಿದರೆ ಸದ್ದು ಜಾಸ್ತಿಯಾಯಿತು. ಇದು ಎಲ್ಲಕ್ಕಿಂತ ಸುಲಭದ್ದು. ಜ್ಯಾಕ್‌ನಲ್ಲಿ ಎರಡು ವೈರ್ ಅದಲುಬದಲಾಗಿವೆ. ಗ್ರೌಂಡ್ ಆಗಬೇಕಿದ್ದ ತಂತಿ ಸಿಗ್ನಲ್ ಆಗಿದೆ, ನಿಮ್ಮ ಕೈ ಸಿಗ್ನಲ್ ದಾರಿಯ ಮೇಲೆಯೇ ಬಿದ್ದಿದೆ. ಪಿನ್ನಿನ ತುದಿಯನ್ನು ಮುಟ್ಟುವ ಉದ್ದ ನಾಲಿಗೆ ಇರುವ ಕಾಲಿಗೆ ಸಿಗ್ನಲ್, ಒಳಬಳೆಯ ಕಾಲಿಗೆ ಗ್ರೌಂಡ್. ಜ್ಯಾಕ್ ಕೈಯಲ್ಲಿ ಹಿಡಿದು ಪಿನ್ ತೂರಿಸಿ ನೋಡಿದರೆ ಯಾವುದು ಯಾವುದೆಂದು ಕಣ್ಣಿಗೇ ಕಾಣುತ್ತದೆ, ನಕ್ಷೆ ಬೇಡ.

ಇದರದೇ ತಮ್ಮ ಇನ್ನೊಂದಿದೆ. ತಂತಿ ಮುಟ್ಟಿದರೆ ಸರಿ, ಆದರೆ ಪಿಕಪ್ಪಿನ ಲೋಹದ ಮುಚ್ಚಳ ಮುಟ್ಟಿದರೆ ಝರ್ರ್. ಟೆಲಿಕಾಸ್ಟರ್ ಮಾದರಿಯ ಗಿಟಾರಿನಲ್ಲಿ ಕತ್ತಿನ ಕಡೆಯ ಪಿಕಪ್ಪಿಗೆ ಇದು ಸಾಮಾನ್ಯ. ಅದರ ಮುಚ್ಚಳ ಒಳಗೇ ಒಂದು ವೈರಿಗೆ ಸೇರಿರುತ್ತದೆ. ಇನ್ನೊಂದು ಪಿಕಪ್ಪಿನ ದನಿಗೆ ಹೊಂದಿಸಲು ಎರಡು ವೈರ್ ತಿರುಗಿಸಿ ಹಾಕಿದರೆ ಮುಚ್ಚಳವೇ ಸಿಗ್ನಲ್ ಆಗಿ ಕೂರುತ್ತದೆ. ಮುಚ್ಚಳದ ಆ ಚಿಕ್ಕ ಕೊಂಡಿ ಬಿಡಿಸಿ, ಅದಕ್ಕೊಂದು ಪ್ರತ್ಯೇಕ ಗ್ರೌಂಡ್ ವೈರ್ ಎಳೆಯಬೇಕು. ಕೈ ನಡುಗುವವರು ಇದನ್ನು ಮಾಡಬೇಡಿ. ಕೂದಲೆಳೆಯ ತಾಮ್ರ ಅಲ್ಲೇ ಪಕ್ಕದಲ್ಲಿರುತ್ತದೆ.

ಬಣ್ಣದ ಲೆಕ್ಕ

ಮರುದಿನ ಹುಡುಗ ಬಂದ. ಹೊರಗೆ ಬಿಸಿಲು ಏರುವ ಮೊದಲೇ ಬಂದಿದ್ದ, ಪುಣ್ಯ. ಮಹಡಿಯ ಕೋಣೆಯಲ್ಲಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಚಾಪೆ ಹಾಸಿ, ಗಿಟಾರನ್ನು ಆಂಪ್‌ಗೆ ಹಚ್ಚಿದೆವು. ವಾಲ್ಯೂಮ್ ಸೊನ್ನೆಗೆ ತಂದರೆ ನಿಶ್ಶಬ್ದ. ತಂತಿ ಮುಟ್ಟಿದರೆ ಚೂರು ಕಡಿಮೆ. ಸುತ್ತು ತಿರುಗಿದಾಗ ಮಾತ್ರ ಸದ್ದು ಏರಿಳಿಯಿತು, ಅದೂ ಚೆನ್ನಾಗಿ. ಕಾಂತಕ್ಷೇತ್ರದ ಗುಂಯ್. ಆದರೆ ಹಾಕಿದ್ದು ಹಂಬಕರ್!

ಹಂಬಕರ್ ಅಂದರೆ ಎರಡು ಕಾಯಿಲ್‌ನ ಪಿಕಪ್. ಇಂಗ್ಲಿಷಿನಲ್ಲಿ 'ಹಮ್' ಅಂದರೆ ಗುಂಯ್, ಹೆಸರೇ ಹೇಳುತ್ತದೆ, ಅದು ಹುಟ್ಟಿದ್ದೇ ಈ ಗುಂಯ್ ಸಾಯಿಸಲು. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಅದಕ್ಕೆ ಪೇಟೆಂಟ್ ಅರ್ಜಿ ಹಾಕಿದರು, 1957ರ ಹೊತ್ತಿಗೆ ಅದು ಗಿಟಾರ್‌ಗಳಿಗೆ ಬಂತು. ಉಪಾಯ ಸರಳ. ಪಕ್ಕಪಕ್ಕ ಎರಡು ಕಾಯಿಲ್, ಒಂದರ ಅಯಸ್ಕಾಂತದ ಮುಖ ಉತ್ತರ, ಇನ್ನೊಂದರದು ದಕ್ಷಿಣ, ಜೋಡಿಸಿದ್ದು ಪರಸ್ಪರ ವಿರುದ್ಧವಾಗಿ. ತಂತಿಯ ದನಿಗೆ ಎರಡು ಸಲ ತಿರುವು ಬೀಳುತ್ತದೆ, ಹಾಗಾಗಿ ಎರಡು ಕಾಯಿಲ್‌ಗಳ ದನಿ ಕೂಡುತ್ತದೆ. ಹೊರಗಿನ ಗುಂಯ್‌ಗೆ ಅಯಸ್ಕಾಂತದ ಹಂಗಿಲ್ಲ, ಒಂದೇ ತಿರುವು, ಹಾಗಾಗಿ ಒಂದನ್ನೊಂದು ತಿಂದುಹಾಕುತ್ತದೆ.

ಹುಡುಗನ ಗಿಟಾರ್‌ನಲ್ಲಿ ಇನ್ನೊಂದು ಸುಳಿವಿತ್ತು. ದನಿ ತೆಳ್ಳಗಿತ್ತು, ಮೂಗಿನಿಂದ ಮಾತಾಡಿದ ಹಾಗೆ. "ಮೀಟರ್ ಹಚ್ಚಿ ನೋಡೀನಿ ಅಣ್ಣಾ, ಎಂಟು ಕಿಲೋ ಓಮ್ ತೋರಸ್ತದ. ಬರೋಬ್ಬರಿ ಅದ." ಅವನ ಮಾತು ಸುಳ್ಳಲ್ಲ. ಹಳೇ ಧಾಟಿಯ ಹಂಬಕರ್‌ಗೆ 7ರಿಂದ 9 ಕಿಲೋ ಓಮ್ ಇರಬೇಕು, ಇತ್ತು. ಆದರೆ ಮೀಟರ್ ಹೇಳುವುದು ತಾಮ್ರ ಎಷ್ಟಿದೆ ಎಂಬುದನ್ನು ಮಾತ್ರ. ಎರಡು ಕಾಯಿಲ್ ಒಂದೇ ದಿಕ್ಕಿಗೆ ಎಳೆಯುತ್ತಿವೆಯೋ ಎದುರುಬದುರು ಎಳೆಯುತ್ತಿವೆಯೋ ಅದಕ್ಕೆ ಗೊತ್ತಿಲ್ಲ. ಎತ್ತುಗಳೆರಡೂ ನೊಗಕ್ಕೆ ಕಟ್ಟಿವೆ ಅಂತ ಎಣಿಸಿ ಹೇಳುತ್ತದೆ, ಒಂದು ಹಿಂದುಮುಂದಾಗಿ ಕಟ್ಟಿದೆ ಅಂತ ಹೇಳುವುದಿಲ್ಲ.

ಅದನ್ನು ಹೇಳುವುದು ಸ್ಕ್ರೂಡ್ರೈವರ್. ಗಿಟಾರ್ ಬಿಚ್ಚಬೇಕಾಗಿಯೂ ಇಲ್ಲ. ಕೇಬಲ್‌ನ ಆಂಪ್ ಕಡೆಯ ಪಿನ್ ತೆಗೆದು, ಅದರ ತುದಿಗೆ ಮೀಟರಿನ ಕೆಂಪು ಮುಳ್ಳು, ಹೊರಭಾಗಕ್ಕೆ ಕಪ್ಪು ಮುಳ್ಳು, ಮೀಟರ್ 20 ಕಿಲೋ ಓಮ್‌ಗೆ. ಗಿಟಾರಿನ ವಾಲ್ಯೂಮ್, ಟೋನ್ ಎರಡೂ ಪೂರ್ತಿ. ಈಗ ಕಬ್ಬಿಣದ ಸ್ಕ್ರೂಡ್ರೈವರನ್ನು ಒಂದು ಕಾಯಿಲ್‌ನ ಮೊಳೆಗಳ ಮೇಲೆ ಅಡ್ಡ ಮಲಗಿಸಿ, ಅಂಕಿ ನಿಲ್ಲುವವರೆಗೆ ಕಾದು, ಪಟ್ಟನೆ ಮೇಲಕ್ಕೆ ಕೀಳಿ. ಅಂಕಿ ಒಂದು ಕ್ಷಣ ಮೇಲೆ ಹಾರುತ್ತದೆ ಅಥವಾ ಕೆಳಗೆ ಬೀಳುತ್ತದೆ. ಇನ್ನೊಂದು ಕಾಯಿಲ್‌ಗೂ ಹಾಗೇ ಮಾಡಿ. ಸರಿಯಾಗಿ ಜೋಡಿಸಿದ ಹಂಬಕರ್‌ನಲ್ಲಿ ಎರಡೂ ಸಲ ಅಂಕಿ ಒಂದೇ ಕಡೆ ಹಾರಬೇಕು. ರಿಪೇರಿ ಅಂಗಡಿಗಳಲ್ಲಿ ಮೂಲೆಗೆ ಬಿದ್ದಿರುವ ಗಡಿಯಾರದಂಥ ಸೂಜಿಯ ಹಳೇ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು, ಸೂಜಿ ಜಿಗಿಯುವುದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

ನಮ್ಮ ಹುಡುಗನದು ಒಂದು ಕಾಯಿಲ್‌ಗೆ ಮೇಲೆ, ಇನ್ನೊಂದಕ್ಕೆ ಕೆಳಗೆ. ಅವನ ಮುಖ ನೋಡಬೇಕಿತ್ತು.

"ವೈರ್ ಯಾವ ನಕ್ಷೆ ನೋಡಿ ಹಾಕ್ದಿ?"

ಫೋನ್ ತೆಗೆದು ತೋರಿಸಿದ. ನಕ್ಷೆ ಒಂದು ಕಂಪನಿಯದು, ಪಿಕಪ್ ಇನ್ನೊಂದು ಕಂಪನಿಯದು. ನಾಲ್ಕು ವೈರಿನ ಹಂಬಕರ್‌ಗಳಲ್ಲಿ ಬಣ್ಣಗಳಿಗೆ ಒಂದೇ ನಿಯಮವಿಲ್ಲ. ಸೀಮೋರ್ ಡಂಕನ್‌ನಲ್ಲಿ ಕಪ್ಪು ಸಿಗ್ನಲ್, ಕೆಂಪು ಬಿಳಿ ಒಂದಕ್ಕೊಂದು ಸೇರಿ ಟೇಪ್ ಒಳಗೆ, ಹಸಿರು ಮತ್ತು ಬೋಳು ವೈರ್ ಗ್ರೌಂಡ್. ಡಿಮಾರ್ಜಿಯೊದಲ್ಲಿ ಕೆಂಪು ಸಿಗ್ನಲ್, ಕಪ್ಪು ಬಿಳಿ ಒಂದಕ್ಕೊಂದು, ಹಸಿರು ಮತ್ತು ಬೋಳು ಗ್ರೌಂಡ್. ನೋಡಲು ಬಹಳ ಹತ್ತಿರ. ಒಂದರ ನಕ್ಷೆ ಇನ್ನೊಂದಕ್ಕೆ ಹಾಕಿದರೆ ಕೆಂಪು ಕಪ್ಪು ಅದಲುಬದಲಾಗಿ ಒಂದು ಕಾಯಿಲ್ ತಲೆಕೆಳಗಾಗುತ್ತದೆ. ಆಗ ಮೇಲಿನ ಲೆಕ್ಕವೆಲ್ಲ ಉಲ್ಟಾ: ತಂತಿಯ ದನಿ ಒಂದನ್ನೊಂದು ತಿನ್ನುತ್ತದೆ, ಗುಂಯ್ ಕೂಡುತ್ತದೆ. ತೆಳ್ಳಗಿನ ದನಿ ಮತ್ತು ಜೋರು ಗುಂಯ್ ಒಟ್ಟಿಗೆ ಬಂದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ. ಎರಡು ವೈರ್ ಬದಲಿಸಲು ಹತ್ತು ನಿಮಿಷ ಹಿಡಿಯಿತು.

ಆನ್‌ಲೈನ್‌ನಲ್ಲಿ ತರಿಸಿದ ಅಗ್ಗದ ಪಿಕಪ್‌ಗೆ ನಕ್ಷೆಯೇ ಇರುವುದಿಲ್ಲ. ಆಗಲೂ ಇದೇ ವಿದ್ಯೆ. ಮೀಟರ್ ಹಚ್ಚಿ ನಾಲ್ಕು ವೈರ್‌ಗಳಲ್ಲಿ ಓಮ್ ತೋರಿಸುವ ಜೋಡಿಗಳನ್ನು ಹುಡುಕಿ, ಎರಡು ಜೋಡಿ ಸಿಗುತ್ತವೆ. ಪ್ರತಿ ಜೋಡಿಗೂ ಸ್ಕ್ರೂಡ್ರೈವರ್ ಇಟ್ಟು ಕಿತ್ತು, ಅಂಕಿ ಮೇಲಕ್ಕೆ ಹಾರಿದಾಗ ಕೆಂಪು ಮುಳ್ಳಿನಲ್ಲಿದ್ದ ವೈರಿಗೆ ಗಂಟು ಹಾಕಿ. ಮೊದಲ ಕಾಯಿಲ್‌ನ ಗಂಟಿನ ವೈರ್ ಸಿಗ್ನಲ್, ಅದರ ಜೋಡಿ ಎರಡನೇ ಕಾಯಿಲ್‌ನ ಗಂಟಿನ ವೈರಿಗೆ, ಉಳಿದದ್ದು ಗ್ರೌಂಡ್. ಗಿಟಾರಿನಲ್ಲಿ ಉಳಿದಿರುವ ಹಳೇ ಪಿಕಪ್ ಯಾವ ಕಡೆ ಹಾರುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಎರಡೂ ಒಂದೇ ಕಡೆ ಹಾರದಿದ್ದರೆ, ಪಿಕಪ್ ಆರಿಸುವ ಸ್ವಿಚ್ ನಡುವೆ ಇಟ್ಟು ಎರಡನ್ನೂ ಒಟ್ಟಿಗೆ ನುಡಿಸಿದಾಗ ದನಿ ಸೊರಗುತ್ತದೆ.

ಬೋಳು ವೈರಿನ ಬಗ್ಗೆ ಒಂದು ಮಾತು. ಬಣ್ಣವಿಲ್ಲದ, ಪ್ಲಾಸ್ಟಿಕ್ಕಿಲ್ಲದ ಆ ವೈರ್ ಕಾಯಿಲ್‌ಗೆ ಸೇರಿರುವುದಿಲ್ಲ, ಹಾಗಾಗಿ ಮೀಟರ್ ಅದಕ್ಕೆ ಏನೂ ತೋರಿಸುವುದಿಲ್ಲ. 'ಇದು ಫಾಲ್ತು' ಅಂತ ಕತ್ತರಿಸಿದವರನ್ನು ನೋಡಿದ್ದೇನೆ. ಅದು ಕೇಬಲ್‌ನ ಶೀಲ್ಡ್. ಗ್ರೌಂಡಿಗೆ ಹೋಗದಿದ್ದರೆ ಝರ್ರ್ ಖಾತ್ರಿ.

ನನ್ನದೇ ಗಿಟಾರ್, ಸೇಡಂ ಮದುವೆ

ಇನ್ನೊಬ್ಬರ ತಪ್ಪು ಹೇಳಿದ ಮೇಲೆ ನನ್ನದೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ಗಿಟಾರ್‌ಗೇ ಹಂಬಕರ್ ಹಾಕಿಕೊಂಡಿದ್ದೆ. ಒಳಗೆ ಸೇರಿಸುವ ಎರಡು ವೈರಿಗೆ ಸೋಲ್ಡರ್ ಮಾಡಿ ಮೇಲೆ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿದ್ದೆ. ಮನೆಯಲ್ಲಿ ಪೂರಾ ನಿಶ್ಶಬ್ದ. ಸೇಡಂನಲ್ಲಿ ಒಂದು ಮದುವೆ, ಏಪ್ರಿಲ್ ತಿಂಗಳು, ಗಿಟಾರ್ ಮಧ್ಯಾಹ್ನವೆಲ್ಲ ಟೆಂಪೋದ ಮೇಲೆ ಬಿಸಿಲಲ್ಲಿ. ಸಂಜೆ ಎರಡನೇ ಹಾಡಿನಲ್ಲಿ ದನಿ ಅರ್ಧಕ್ಕೆ ಇಳಿಯಿತು, ಗುಂಯ್ ಎದ್ದು ನಿಂತಿತು. ಕತ್ತಿನ ಪಿಕಪ್‌ನಲ್ಲೇ ಉಳಿದ ಹಾಡುಗಳನ್ನು ಮುಗಿಸಿದೆ.

ಮನೆಗೆ ಬಂದು ಅಳೆದರೆ 8 ಇರಬೇಕಾದಲ್ಲಿ 4 ಕಿಲೋ ಓಮ್. ಬಿಚ್ಚಿ ನೋಡಿದರೆ ಟೇಪಿನ ಗೋಂದು ಕರಗಿ, ಟೇಪ್ ಜಾರಿ, ಬೆತ್ತಲಾದ ಜೋಡಣೆ ಕಂಟ್ರೋಲಿನ ಬೆನ್ನಿಗೆ ಒರಗಿಕೊಂಡಿತ್ತು. ಒಂದು ಕಾಯಿಲ್ ಗ್ರೌಂಡಿಗೆ ಬಿದ್ದು ಸತ್ತಿತ್ತು, ಉಳಿದ ಒಂಟಿ ಕಾಯಿಲ್ ಗುಂಯ್‌ಗುಡುತ್ತಿತ್ತು. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ, ಮುಚ್ಚಿದ ಗಾಡಿಯೊಳಗೆ ಇನ್ನೂ ಹೆಚ್ಚು. ಅಂದಿನಿಂದ ಟೇಪ್ ಬಿಟ್ಟೆ. ಬಿಸಿ ಮಾಡಿದರೆ ಸುಕ್ಕುಗಟ್ಟಿ ಬಿಗಿಯುವ ಸ್ಲೀವ್ ಬರುತ್ತದೆ, ಮೊಬೈಲ್ ರಿಪೇರಿ ಸಾಮಾನಿನ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಸೋಲ್ಡರ್ ಮಾಡುವ ಮೊದಲೇ ಅದನ್ನು ವೈರಿಗೆ ತೂರಿಸಿಕೊಳ್ಳಿ. ಮರೆತು ಆಮೇಲೆ ಹಲ್ಲು ಕಡಿಯುವುದು ಎಲ್ಲರ ಪಾಡು.

ಗುಬ್ಬಿ ಎಳೆದರೆ ಹಂಬಕರ್‌ನ ಒಂದೇ ಕಾಯಿಲ್ ನುಡಿಯುವಂಥ ಸ್ವಿಚ್ ಹಾಕಿಸಿಕೊಂಡವರಿಗೆ: ಗುಬ್ಬಿ ಮೇಲೆಳೆದಾಗ ಗುಂಯ್ ಬರುವುದು ದೋಷವಲ್ಲ. ನೀವೇ ಒಂದು ಕಾಯಿಲ್ ಬಂದ್ ಮಾಡಿದ್ದೀರಿ.

ಸೋಲ್ಡರ್

ಹೆಚ್ಚು ಹೇಳುವುದಿಲ್ಲ, ಆದರೆ ಒಂದು ಜಾಗ ಹೇಳಲೇಬೇಕು: ಕಂಟ್ರೋಲಿನ ಬೆನ್ನು. ಗ್ರೌಂಡ್ ವೈರುಗಳೆಲ್ಲ ಬಂದು ಸೇರುವ ಆ ಲೋಹದ ಡಬ್ಬಿ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. ಸಣ್ಣ ಕೆಲಸದ 25 ವ್ಯಾಟ್ ಐರನ್ ಹಿಡಿದು ಅಲ್ಲಿ ಕೂತರೆ ಸೋಲ್ಡರ್ ಮೇಲೆ ಮೇಲೆ ಕೂರುತ್ತದೆ, ಹಿಡಿಯುವುದಿಲ್ಲ. ಹೊಳಪಿಲ್ಲದೆ ಕಾಳುಕಾಳಾಗಿ, ತಣ್ಣಗಾದ ಝುಣಕದ ಹಾಗೆ ಕಾಣುತ್ತದೆ. ಬೆರಳಿನಿಂದ ವೈರ್ ಎಳೆದರೆ ಗಟ್ಟಿ, ಆದರೆ ಗಿಟಾರ್ ಅಲುಗಿದಾಗ ಚರ್ ಅನ್ನುತ್ತದೆ. ಪಾಲಿಶ್ ಪೇಪರ್‌ನಿಂದ ಬೆನ್ನು ಉಜ್ಜಿ ಹೊಳೆಸಿ, 50-60 ವ್ಯಾಟ್ ಐರನ್ ಇಟ್ಟು ಮೊದಲು ಲೋಹ ಕಾಯಿಸಿ, ಆಮೇಲೆ ಸೋಲ್ಡರ್ ಮುಟ್ಟಿಸಿ, ಹರಡಿ ಹೊಳೆಯುತ್ತಲೇ ಕೈ ತೆಗೆಯಿರಿ. ದುರ್ಬಲ ಐರನ್ ಹಿಡಿದು ಒಂದು ನಿಮಿಷ ಒತ್ತಿದರೆ ಕಂಟ್ರೋಲಿನ ಒಳಗಿನ ಪಟ್ಟಿಯೇ ಸುಡುತ್ತದೆ.

ಮತ್ತೆ, ಸೋಲ್ಡರ್ ಮಾಡುವಾಗ ಕೂಲರ್ ಬಂದ್ ಮಾಡಿ. ಬೆವರು ಇಳಿಯುತ್ತದೆ, ಇಳಿಯಲಿ. ಕೂಲರ್ ಗಾಳಿಗೆ ಐರನ್‌ನ ಮೂತಿ ತಣ್ಣಗಾಗಿ ಎಲ್ಲ ಜೋಡಣೆಯೂ ಕಚ್ಚಾ ಆಗುತ್ತದೆ.

ಅನುಮಾನದ ಜೋಡಣೆ ಹುಡುಕಲು ಆಂಪ್ ಚಾಲೂ ಇಟ್ಟು ಒಳಗಿನ ಒಂದೊಂದೇ ವೈರನ್ನು ಪೆನ್ಸಿಲ್‌ನ ಹಿಂಬದಿಯಿಂದ ಮೆಲ್ಲಗೆ ತಟ್ಟಿ. ಚರ್ ಅಂದದ್ದೇ ಕಳ್ಳ.

ಸಿಂಗಲ್ ಕಾಯಿಲ್ ಹಾಕಿದವರಿಗೆ

ಮೂರು ಸಿಂಗಲ್ ಕಾಯಿಲ್ ಇರುವ ಸ್ಟ್ರಾಟ್ ಮಾದರಿಯ ಗಿಟಾರ್‌ಗಳಲ್ಲಿ ಸ್ವಲ್ಪ ಗುಂಯ್ ಹುಟ್ಟುಗುಣ. ಕೇಳುವವರ ದೂರು ಸಾಮಾನ್ಯವಾಗಿ ಬೇರೆ ಇರುತ್ತದೆ: ಮೊದಲು ಸ್ವಿಚ್ಚಿನ ಎರಡನೇ ಮತ್ತು ನಾಲ್ಕನೇ ಜಾಗದಲ್ಲಿ ಶಾಂತವಿತ್ತು, ಈಗ ಅಲ್ಲೂ ಸದ್ದು. ಕಾರಣ ನಡುವಿನ ಪಿಕಪ್. ಈಗಿನ ಬಹಳಷ್ಟು ಸೆಟ್‌ಗಳಲ್ಲಿ ನಡುವಿನದರ ಅಯಸ್ಕಾಂತವನ್ನೂ ಸುತ್ತುವ ದಿಕ್ಕನ್ನೂ ತಿರುಗಿಸಿರುತ್ತಾರೆ. ಪಕ್ಕದ ಪಿಕಪ್ ಜೊತೆ ಸೇರಿದಾಗ ಎರಡೂ ಕೂಡಿ ಹಂಬಕರ್‌ನಂತೆ ಕೆಲಸ ಮಾಡುತ್ತವೆ. ಬಿಡಿಯಾಗಿ ಬೇರೆ ಕಡೆಯಿಂದ ಪಿಕಪ್ ತಂದು ನಡುವೆ ಹಾಕಿದರೆ ಆ ಜೋಡಿ ಮುರಿಯುತ್ತದೆ. ವೈರ್ ತಿರುಗಿಸಿ ಹಾಕಿದರೆ ಗುಂಯ್ ಹೋಗುತ್ತದೆ, ಜೊತೆಗೆ ದನಿಯ ದಪ್ಪವೂ ಹೋಗುತ್ತದೆ. ನಡುವಿಗೆಂದೇ ತಯಾರಾದ ಪಿಕಪ್ ತರಿಸುವುದೇ ಸುಲಭದ ದಾರಿ.

ಶೀಲ್ಡಿಂಗ್ ಮಾಡಿಸುವವರು ಅಂಟಿನಲ್ಲೂ ಕರೆಂಟ್ ಹಾಯುವ ತಾಮ್ರದ ಟೇಪ್ ಬಳಸಿ, ಹಾಳೆ ಹಾಳೆಗೆ ಬೀಪ್ ಬರುತ್ತದೆಯೇ ನೋಡಿ, ಒಂದು ವೈರಿನಿಂದ ಗ್ರೌಂಡಿಗೆ ಸೇರಿಸಿ. ಸೇರಿಸದೆ ಬಿಟ್ಟ ತಾಮ್ರ ಬರೀ ಅಲಂಕಾರ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಗೆ ಸೋಲ್ಡರ್ ಹಿಡಿಯುವುದಿಲ್ಲ, ಸುಮ್ಮನೆ ಶ್ರಮ. ಶೀಲ್ಡಿಂಗ್ ಆದ ಮೇಲೆ ದನಿಯೇ ಇಲ್ಲವಾದರೆ ಜ್ಯಾಕ್‌ನ ಉದ್ದ ನಾಲಿಗೆ ಪಿನ್ ಹಾಕಿದಾಗ ಹಿಂದೆ ಬಾಗಿ ತಾಮ್ರಕ್ಕೆ ತಾಗುತ್ತಿದೆಯೇ ನೋಡಿ. ಅಲ್ಲೊಂದು ತುಂಡು ಟೇಪ್ ಅಂಟಿಸಿದರೆ ಮುಗಿಯಿತು.

ಗಿಟಾರ್ ಸರಿ ಇದೆ, ಮನೆ ಸರಿ ಇಲ್ಲ

ಕರೆಂಟ್ ಹೋದಾಗ ಎಲ್ಲರೂ ಗೊಣಗುತ್ತಾರೆ, ನನಗೆ ಅದೇ ಪ್ರಯೋಗಶಾಲೆ. ಬ್ಯಾಟರಿಯಲ್ಲಿ ನಡೆಯುವ ಅಂಗೈಯಗಲದ ಆಂಪ್ ಒಂದನ್ನು ಇಟ್ಟುಕೊಂಡಿದ್ದೇನೆ. ಓಣಿಗೆ ಓಣಿಯೇ ಕತ್ತಲಾದಾಗ ಅದಕ್ಕೆ ಗಿಟಾರ್ ಹಚ್ಚಿ ಮಹಡಿ ಮೇಲೆ ಹೋಗಿ ನಿಂತರೆ ಗಾಳಿಯಲ್ಲಿ 50 ಹರ್ಟ್ಸ್ ಇರುವುದೇ ಇಲ್ಲ. ಆಗಲೂ ಸದ್ದಿದ್ದರೆ ಗಿಟಾರ್ ತಪ್ಪಿತಸ್ಥ. ಆಗ ನಿಶ್ಶಬ್ದವಾಗಿದ್ದು ಕರೆಂಟ್ ಬಂದ ಕೂಡಲೇ ಗುಂಯ್ ಅಂದರೆ ಹೊರಗಿನಿಂದ ಏನೋ ಬರುತ್ತಿದೆ. ಪಕ್ಕದ ಮನೆಯ ಇನ್ವರ್ಟರ್ ಚಾಲೂ ಆಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಚೌಕ ತರಂಗದ ಹಳೇ ಇನ್ವರ್ಟರ್ ಕರೆಂಟಿಗಿಂತ ಕೆಟ್ಟದಾಗಿ ಒರಲುತ್ತದೆ.

ಕರೆಂಟ್ ಇದ್ದಾಗ ಒಂದೊಂದೇ ಆರಿಸುತ್ತ ಹೋಗಿ. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಮೊದಲ ಶಂಕಿತ, ಪೂರ್ತಿ ವೇಗಕ್ಕೆ ತಿರುಗಿಸಿದರೆ ಝರ್ರ್ ತಗ್ಗುತ್ತದೆ. ಆಮೇಲೆ ಕೂಲರ್, ಚೋಕ್ ಇರುವ ಟ್ಯೂಬ್‌ಲೈಟ್, ಅಗ್ಗದ ಎಲ್ಇಡಿ ಬಲ್ಬ್, ಚಾರ್ಜರ್. ಲ್ಯಾಪ್‌ಟಾಪ್‌ಗೆ ಹಚ್ಚಿ ರೆಕಾರ್ಡ್ ಮಾಡುವವರು ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಒಮ್ಮೆ ಕೇಳಿ. ದಿಡಿದಿಡಿ ದಿಡಿದಿಡಿ ಅಂತ ತಾಳ ಹಿಡಿದು ಬಂದರೆ ಅದು ಜೇಬಿನ ಮೊಬೈಲ್.

ಇದೆಲ್ಲಕ್ಕಿಂತ ಮುಖ್ಯ ಅರ್ಥಿಂಗ್. ಮೂರು ಪಿನ್ನಿನ ಸಾಕೆಟ್ ಗೋಡೆಯಲ್ಲಿದೆ ಅಂದ ಮಾತ್ರಕ್ಕೆ ಮೂರನೇ ತೂತಿಗೆ ಭೂಮಿ ಸಿಕ್ಕಿದೆ ಎಂದಲ್ಲ. ಹಳೇ ಮನೆಗಳಲ್ಲಿ ಅದರ ಹಿಂದೆ ವೈರೇ ಇರುವುದಿಲ್ಲ. ಇದ್ದರೂ ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಾಯಿಬಿಟ್ಟು ಗುಂಡಿಯ ಪಟ್ಟಿಯನ್ನು ಕೈಬಿಡುತ್ತದೆ. ಇದ್ದಿಲು ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಹಿರಿಯರು ವಾರಕ್ಕೊಂದು ಕೊಡ ನೀರು ಹಾಕಿಸುತ್ತಿದ್ದದ್ದು ಸುಮ್ಮನೆ ಅಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ: ಫೇಸ್‌ನಿಂದ ನ್ಯೂಟ್ರಲ್‌ಗೆ 230ರ ಆಸುಪಾಸು, ಫೇಸ್‌ನಿಂದ ಅರ್ಥ್‌ಗೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಎರಡು ಮೂರು ವೋಲ್ಟ್ ಒಳಗೆ. ಫೇಸ್‌ನಿಂದ ಅರ್ಥ್‌ಗೆ ನೂರರ ಸುಮಾರಿಗೆ ತೇಲಾಡುತ್ತಿದ್ದರೆ ಅರ್ಥ್ ಇಲ್ಲವೇ ಇಲ್ಲ.

ಗುಂಯ್ ಹೋಗಲೆಂದು ಆಂಪ್‌ನ ಮೂರನೇ ಪಿನ್ ಮುರಿಯುವವರಿದ್ದಾರೆ. ಸದ್ದು ಹೋಗಬಹುದು, ನೀವೂ ಹೋಗಬಹುದು. ಒಂದು ಕೈ ತಂತಿಯ ಮೇಲೆ, ತುಟಿ ಮೈಕಿಗೆ ತಾಗಿದಾಗ ಜುಂ ಅಂದರೆ ಹಾಡು ಅಲ್ಲಿಗೇ ನಿಲ್ಲಿಸಿ. ಪೆಂಡಾಲ್‌ನ ಹಸಿ ನೆಲದ ಮೇಲೆ ಬರಿಗಾಲಲ್ಲಂತೂ ಬೇಡವೇ ಬೇಡ. ಮೈಕ್ ಮತ್ತು ಗಿಟಾರ್ ಆಂಪ್ ಎರಡಕ್ಕೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಿಂದ ಕರೆಂಟ್ ತೆಗೆದುಕೊಳ್ಳಿ, ಎರಡು ಅರ್ಥಿಂಗ್ ದಾರಿ ಸೇರಿ ಸುತ್ತಾಗಿ ಹುಟ್ಟುವ ಲೂಪ್ ಗುಂಯ್ ಕೂಡ ಬಹಳಷ್ಟು ಅಲ್ಲೇ ಮುಗಿಯುತ್ತದೆ.

ಉಳಿದ ಚಿಲ್ಲರೆ

ಬ್ಯಾಟರಿ ಬೇಡುವ ಆಕ್ಟಿವ್ ಪಿಕಪ್ ಹಾಕಿದ್ದರೆ ಮೇಲಿನ ಅರ್ಧ ಮಾತು ಅದಕ್ಕೆ ಹೊಂದುವುದಿಲ್ಲ. ಇಎಂಜಿ ಪಿಕಪ್‌ಗಳಿಗೆ 25 ಕಿಲೋ ಓಮ್ ಕಂಟ್ರೋಲ್ ಬೇಕು, ಸ್ಟೀರಿಯೋ ಜ್ಯಾಕ್ ಬೇಕು, ಬ್ರಿಡ್ಜ್ ಗ್ರೌಂಡ್ ವೈರ್ ಬಿಡಿಸಿಡಿ ಎಂದು ಕಂಪನಿಯೇ ಹೇಳುತ್ತದೆ.

ಗೇನ್ ಎತ್ತಿದಾಗ ಕೀಂ ಅಂತ ಚೀರಿದರೆ, ಪಿಕಪ್ ಮೇಲೆ ಉಗುರಿನಿಂದ ತಟ್ಟಿದ್ದು ಮೈಕಿನಂತೆ ಕೇಳಿದರೆ, ಒಳಗೆ ಮೇಣ ಹೋಗಿಲ್ಲ ಅಥವಾ ಮುಚ್ಚಳ ಸಡಿಲಿದೆ. ಪ್ಯಾರಾಫಿನ್‌ಗೆ ಸ್ವಲ್ಪ ಜೇನುಮೇಣ ಬೆರೆಸಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು 65 ಡಿಗ್ರಿ ಸುಮಾರಿಗೆ ಕರಗಿಸಿ ಅದ್ದುತ್ತಾರೆ. ನೇರ ಒಲೆಯ ಮೇಲೆ ಇಟ್ಟರೆ ಮೇಣ ಹೊತ್ತಿಕೊಳ್ಳುತ್ತದೆ, ಕಾಯಿಲ್‌ನ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಗ್ಯಾರಂಟಿ ಇರುವ ಪಿಕಪ್ ಆದರೆ ಇದೊಂದಕ್ಕೆ ಮಾತ್ರ ವಾಪಸ್ ಕಳಿಸಿ ಅನ್ನುತ್ತೇನೆ.

ಬರೀ ಸುಯ್ ಅನ್ನುವ ಮಳೆಯಂಥ ಸದ್ದು ಗೇನಿನದು. 8 ಕಿಲೋ ಓಮ್ ಪಿಕಪ್ ತೆಗೆದು 16ರದ್ದು ಹಾಕಿ, ಆಂಪ್‌ನ ಗೇನ್ ಹಳೇ ಜಾಗದಲ್ಲೇ ಬಿಟ್ಟರೆ ಎಲ್ಲವೂ ಜೋರಾಗುತ್ತದೆ, ಕಸವೂ ಸೇರಿ.

ಹುಡುಗನ ಗಿಟಾರಿನ ಮುಚ್ಚಳ ಹಾಕುವ ಮೊದಲು ಸ್ವಿಚ್ ಒಂದೊಂದೇ ಜಾಗಕ್ಕೆ ತಂದು ಎಲ್ಲ ಮೊಳೆಗಳ ಮೇಲೂ ಸ್ಕ್ರೂಡ್ರೈವರ್‌ನಿಂದ ತಟ್ಟಿ ಕೇಳಿದೆವು. ಎರಡೂ ಕಾಯಿಲ್ ಟಕ್ ಟಕ್ ಅಂತ ಸಮನಾಗಿ ಉತ್ತರ ಕೊಟ್ಟವು. ಆಮೇಲೆ ಕ್ಯಾಲೆಂಡರ್ ಹಾಳೆಯ ಹಿಂದೆ ಅವನಿಂದಲೇ ಬರೆಸಿದೆ: ಕೆಂಪು ಸಿಗ್ನಲ್, ಕಪ್ಪು ಬಿಳಿ ಜೋಡಿ, ಹಸಿರು ಬೋಳು ಗ್ರೌಂಡ್, ಬ್ರಿಡ್ಜ್ 8.1, ಕತ್ತು 7.6. ಹಾಳೆ ಮಡಚಿ ಮುಚ್ಚಳದ ಒಳಮೈಗೆ ಅಂಟಿಸಿ ಸ್ಕ್ರೂ ಬಿಗಿದ. ನಾಲ್ಕರಲ್ಲಿ ಒಂದು ಸ್ಕ್ರೂ ಕಳೆದಿತ್ತು, ಚಾಪೆಯ ಕೆಳಗೆ ಹುಡುಕುತ್ತ ಕೂತೆವು.